ಹೆಬ್ಬೆಟ್ಟಿನ ಹಾಜರಿ

“ಎರಡು ನಿಮಿಷಕ್ಕೆ ನಲವತ್ಮೂರು!” ಎಂದ ಸೀನ, ಪಂಚಾಯ್ತಿ ಎಲೆಕ್ಷನ್ನಿನ ಲೀಡು ಕೂಗುವವನ ಹಾಗೆ ಫೋನನ್ನು ಎತ್ತಿ ಹಿಡಿದು.

“ಎಂತದು, ಅಡಿಕೆ ರೇಟಾ?” ಶಾಮಣ್ಣ ಪತ್ರೊಡೆ ತಟ್ಟೆಯಿಂದ ತಲೆ ಎತ್ತಿದರು.

“ಅಡಿಕೆ ಅಲ್ಲ ಮಾರಾಯ್ರೆ, ಅಟೆಂಡೆನ್ಸು. ಪುಟ್ಟನ ಸ್ಕೂಲಿನ ಗ್ರೂಪು. ಮಳೆಗೆ ಡಿಸಿ ರಜೆ ಕೊಟ್ಟರೂ ಹತ್ತು ಗಂಟೆಗೆ ಆನ್‌ಲೈನ್ ಕ್ಲಾಸು ಅಂತ ಮೆಸೇಜ್ ಹಾಕಿದಾರೆ. ನಲವತ್ಮೂರು ಮಕ್ಕಳು ಆಗಲೇ ಹೆಬ್ಬೆಟ್ಟು ಎತ್ತಿಯಾಯ್ತು. ಕೊರೊನಾ ಕಲಿಸಿದ ಒಂದೇ ಒಳ್ಳೆ ಬುದ್ಧಿ ಇದು. ಇನ್ನು ಮಳೆ ಬರಲಿ, ಗಾಳಿ ಬರಲಿ, ಧರೆ ಕುಸೀಲಿ, ಪಾಠ ನಿಲ್ಲಲ್ಲ.”

“ಪುಟ್ಟನೂ ಎತ್ತಿದಾನಾ?” ಮೇಷ್ಟ್ರು ಕೇಳಿದರು.

“ಮೊದಲನೇ ಹೆಬ್ಬೆಟ್ಟೇ ಅವನದು.”

“ಅವನಿನ್ನೂ ಎದ್ದೇ ಇಲ್ಲ,” ಅಡುಗೆ ಮನೆಯಿಂದ ಪದ್ಮಕ್ಕ ಹೇಳಿದರು. “ಕಂಬಳಿಯಿಂದ ಕೈ ಒಂದು ಹೊರಗೆ ಬಂತು, ಒತ್ತಿತು, ಒಳಗೆ ಹೋಯ್ತು. ನಾನೇ ನೋಡಿದೆ. ಥೇಟ್ ಆಮೆ.”

ಮೇಷ್ಟ್ರು ತಮ್ಮ ಫೋನನ್ನು ಕಿಟಕಿಯ ಸರಳಿಗೆ ಒರಗಿಸಿಟ್ಟು ಬಂದು ಕುಳಿತರು. ಅವರ ಸಿಮ್ಮಿಗೆ ಶಾಮಣ್ಣನ ಜಗುಲಿಯಲ್ಲಿ ಆ ಒಂದು ಸರಳಿನ ಹತ್ತಿರ ಮಾತ್ರ, ಅದೂ ಮನಸ್ಸು ಬಂದಾಗ, ಒಂದು ಕಡ್ಡಿ ನೆಟ್‌ವರ್ಕು ಸಿಗುವುದು.

“ನೋಡು ಸೀನ, 90ರ ದಶಕದಲ್ಲಿ ಸಾಕ್ಷರತಾ ಆಂದೋಲನ ಅಂತ ಬಂತು. ರಾತ್ರಿ ಲಾಟೀನು ಹಿಡ್ಕೊಂಡು ಕೇರಿ ಕೇರಿ ತಿರುಗಿ ಹೆಬ್ಬೆಟ್ಟು ಒತ್ತೋರಿಗೆ ಸಹಿ ಕಲಿಸಿದ್ರು. ಒಬ್ಬೊಬ್ಬರ ಹೆಬ್ಬೆಟ್ಟು ಬಿಡಿಸೋಕೆ ಆರಾರು ತಿಂಗಳು ಹಿಡೀತಿತ್ತು. 2020ರಲ್ಲಿ ಹೈಸ್ಕೂಲು ಮಕ್ಕಳಿಗೆ ಅದನ್ನ ವಾಪಸ್ ಕಲಿಸೋಕೆ ಒಂದೇ ವಾರ ಸಾಕಾಯ್ತು.”

“ನಮ್ಮತ್ತೆ ಹಾಗೇ ಕಲಿತಿದ್ದು,” ಎನ್ನುತ್ತ ಪದ್ಮಕ್ಕ ಕಾಫಿ ತಂದರು. “ಸಹಿ ಬಂತು ಅಂತ ಎಷ್ಟು ಜಂಭ ಅಂತೀರಿ, ಗೋಡೆ ಮೇಲೆಲ್ಲ ಇದ್ದಿಲಲ್ಲಿ ಸಹಿ. ಈಗ ರೇಷನ್ ಅಂಗಡೀಲಿ ಸಹಿ ಬೇಡ, ಹೆಬ್ಬೆಟ್ಟು ಒತ್ತಿ ಅಂತಾರೆ. ಒತ್ತಿದ್ರೆ ಗೆರೆ ಸವೆದು ಹೋಗಿದೆ, ಮೆಷಿನ್ನು ಒಪ್ಪಲ್ಲ ಅಂತಾರೆ. ಅತ್ತ ಸಹಿಗೂ ಇಲ್ಲ, ಇತ್ತ ಹೆಬ್ಬೆಟ್ಟಿಗೂ ಇಲ್ಲ.”

“ಆ ಹೆಬ್ಬೆಟ್ಟು ಬೇರೆ, ಈ ಹೆಬ್ಬೆಟ್ಟು ಬೇರೆ ಪದ್ಮಕ್ಕ,” ಸೀನ ನಕ್ಕ. “ಅದಕ್ಕೆ ಓದೋಕೆ ಬರಲ್ಲ ಅಂತ ಅರ್ಥ. ಇದಕ್ಕೆ ಅರ್ಥ ಆಯ್ತು ಅಂತ ಅರ್ಥ.”

“ಅದು ನಿಜ ಹೇಳ್ತಿತ್ತು. ಅಷ್ಟೇ ವ್ಯತ್ಯಾಸ,” ಅಂದರು ಮೇಷ್ಟ್ರು.

ಭಟ್ಟರು ಕೆಮ್ಮಿದರು. ಅವರು ಕೆಮ್ಮಿದರೆ ಪುರಾಣ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಶಾಮಣ್ಣ ಗಬಕ್ಕನೆ ಇನ್ನೊಂದು ಪತ್ರೊಡೆ ಅವರ ತಟ್ಟೆಗೆ ಹಾಕಿದರು.

“ಹಾಗಂತ ಮೇಷ್ಟ್ರೇ, ನೀವೂ ಮಾಡಿದ್ರಲ್ಲ ಆನ್‌ಲೈನು? ಒಂದೂವರೆ ವರ್ಷ?” ಸೀನ ಬಿಡಲಿಲ್ಲ. “ಬೆಂಗಳೂರಲ್ಲಿ ನಮಗೆಲ್ಲ ಎಷ್ಟು ಸಲೀಸಾಗಿ ನಡೀತು ಗೊತ್ತಾ? ಲ್ಯಾಪ್‌ಟಾಪ್ ತೆಗಿ, ಮಾತಾಡು, ಮುಚ್ಚು.”

“ಮಾಡಿದೆ. ಹೇಗೆ ಅಂತ ಕೇಳು. ಮೊದಲು ವಿಡಿಯೋ ಅಂತ ಹೊರಟೆ. ಗೋಡೆಗೆ ಕಪ್ಪು ಬಣ್ಣ ಬಳಿದೆ, ಸ್ಟೂಲಿನ ಮೇಲೆ ಸ್ಟೂಲು, ಅದರ ಮೇಲೆ ಅವಲಕ್ಕಿ ಡಬ್ಬಿ, ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ಫೋನು. ಮುಂದಿನ ಕ್ಯಾಮೆರಾದಲ್ಲಿ ನೋಡಿದ್ರೆ ಬೋರ್ಡಿನ ಅಕ್ಷರ ಎಲ್ಲ ಉಲ್ಟಾ! ಕನ್ನಡೀಲಿ ಕಂಡ ಹಾಗೆ. ಎರಡು ದಿನ ಉಲ್ಟಾ ಬರೆಯೋದನ್ನ ಅಭ್ಯಾಸ ಮಾಡಿದೆ. ಆಮೇಲೆ ಗೊತ್ತಾಯ್ತು, ಲೈವ್ ಕ್ಲಾಸಲ್ಲಿ ಉಲ್ಟಾ ಕಾಣೋದು ನಮಗೆ ಮಾತ್ರ, ಮಕ್ಕಳಿಗೆ ಸರಿಯಾಗೇ ಕಾಣುತ್ತೆ ಅಂತ. ಅಂದ್ರೆ ನಾನು ಕಷ್ಟಪಟ್ಟು ಉಲ್ಟಾ ಬರೆದಿದ್ದು ಅವರಿಗೆ ಉಲ್ಟಾನೇ ಹೋಗಿತ್ತು.”

“ಯಾರೂ ಹೇಳಲಿಲ್ಲವಾ?”

“ಎಲ್ಲರೂ ಹೆಬ್ಬೆಟ್ಟು ಒತ್ತಿದ್ರು.”

ಶಾಮಣ್ಣನಿಗೆ ಕಾಫಿ ನೆತ್ತಿಗೇರಿತು.

“ಬೋರ್ಡು ಬಿಟ್ಟು ಕಾಗದಕ್ಕೆ ಬಂದೆ. ಆಗ ಎಲ್ಲ ಮೇಷ್ಟ್ರುಗಳೂ ಮಾಡಿದ ಉಪಾಯ ಅದು. ಫ್ರಿಜ್ಜಿನ ಗಾಜಿನ ತಟ್ಟೆ ತೆಗೆದು ಎರಡು ಡಬ್ಬಿ ಮೇಲೆ ಅಡ್ಡ ಇಡೋದು, ಗಾಜಿನ ಮೇಲೆ ಫೋನು ಬೋರಲು, ಕೆಳಗೆ ಕಾಗದ. ಕೈ ಮಾತ್ರ ಕಾಣುತ್ತೆ, ಮುಖ ಕಾಣಲ್ಲ, ಶೇವ್ ಮಾಡೋ ಖರ್ಚೂ ಇಲ್ಲ. ಆದ್ರೆ ಮೇಲೆ ಲೈಟ್ ಹಾಕಿದ್ರೆ ಫೋನಿನ ನೆರಳು ಸೀದಾ ಲೆಕ್ಕದ ಮೇಲೇ ಬೀಳುತ್ತೆ, ಗಾಜಲ್ಲಿ ಬಲ್ಬು ಹೊಳೆಯುತ್ತೆ. ಬೆಳಕು ಪಕ್ಕದಿಂದ ಬರಬೇಕು, ಅಂದ್ರೆ ಕಿಟಕಿ. ಮಲೆನಾಡಿನ ಜುಲೈನಲ್ಲಿ ಕಿಟಕಿಯಿಂದ ಬೆಳಕು ಎಷ್ಟು ಬರುತ್ತೆ? ಇಲ್ಲೇ ನೋಡು. ಅದೂ ಅಲ್ದೆ ಕೈ ಅಲ್ಲಾಡಿದಾಗೆಲ್ಲ ಫೋಕಸ್ಸು ಕೈ ಹಿಂದೆ ಹೋಗಿ ಅಕ್ಷರ ಮಂಜಾಗ್ತಿತ್ತು. ಪರದೆ ಮೇಲೆ ಕಾಗದ ಇರೋ ಜಾಗವನ್ನ ಒತ್ತಿ ಹಿಡಿದರೆ ಫೋಕಸ್ಸು ಅಲ್ಲೇ ನಿಲ್ಲುತ್ತೆ ಅಂತ ಆಗಸ್ಟಿನಲ್ಲಿ ತಿಳೀತು. ಅದನ್ನೂ ಹೆಬ್ಬೆಟ್ಟಿನಲ್ಲೇ ಒತ್ತಿ ಹಿಡೀಬೇಕು.”

“ಫ್ರಿಜ್ಜಿನೊಳಗೆ?” ಪದ್ಮಕ್ಕನ ಚಿಂತೆ ಬೇರೆ.

“ಮೊಸರು ನೆಲಮಾಳಿಗೆಯಲ್ಲಿ. ಅಂದ್ರೆ ತರಕಾರಿ ಡಬ್ಬದಲ್ಲಿ.”

“ಸರಿ, ವಿಡಿಯೋ ಆಯ್ತಲ್ಲ,” ಅಂದ ಸೀನ.

“ಆಯ್ತು, ಕಳಿಸೋದು ಹೇಗೆ? ನಿನ್ನ ಫೋನು 1080ರಲ್ಲಿ ಒಂದು ನಿಮಿಷ ಹಿಡಿದರೆ 100 ಎಂಬಿ ಮೇಲೆ. ಹತ್ತು ನಿಮಿಷಕ್ಕೆ ಒಂದು ಜಿಬಿ. ಆಗ ವಾಟ್ಸಾಪು ವಿಡಿಯೋಗೆ ಕೊಡ್ತಿದ್ದ ಜಾಗ 16 ಎಂಬಿ. ಆನೆ ಹಿಡಿದು ತಂಬಿಗೆಯಲ್ಲಿ ತುಂಬಿದ ಹಾಗೆ. ಯೂಟ್ಯೂಬಿಗೆ ಹಾಕ್ತೀನಿ ಅಂದ್ರೆ ಮೇಲಕ್ಕೆ ಹತ್ತಬೇಕಲ್ಲ? ಸೆಕೆಂಡಿಗೆ ಒಂದು ಮೆಗಾಬಿಟ್ಟು ಸಿಕ್ಕಿದ್ರೂ ಒಂದು ಜಿಬಿಗೆ ಎರಡು ಗಂಟೆ ಮೇಲೆ ಬೇಕು. ಅಷ್ಟರಲ್ಲಿ ಕರೆಂಟ್ ಹೋಗುತ್ತೆ. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿ ಮಲಗುತ್ತೆ. ಟವರ್ ಮಲಗಿದರೆ ಊರು ಮಲಗುತ್ತೆ.”

“ನಾಲ್ಕು ಕಡ್ಡಿ ಇರುತ್ತೆ, ಆದ್ರೂ ಚಕ್ರ ತಿರುಗ್ತಾನೇ ಇರುತ್ತಲ್ಲ ಮೇಷ್ಟ್ರೇ, ಅದ್ಯಾಕೆ?” ಶಾಮಣ್ಣನಿಗೆ ಬಹಳ ದಿನದ ಸಂಶಯ.

“ಕಡ್ಡಿ ಹೇಳೋದು ನಿಮ್ಮ ಫೋನಿಗೂ ಟವರಿಗೂ ಎಷ್ಟು ಸಲಿಗೆ ಅಂತ. ಟವರಿನಿಂದ ಆಚೆಗೆ ದಾರಿ ಹೇಗಿದೆ ಅಂತ ಅಲ್ಲ. ನಿಮ್ಮ ತೋಟದ ಪೈಪಿನ ಹಾಗೆ. ಮನೆ ಮುಂದೆ ನಲ್ಲಿ ದಪ್ಪ ಇದೆ, ಆದ್ರೆ ಗುಡ್ಡದ ಮೇಲಿಂದ ಬರೋ ಪೈಪು ಬೆರಳು ಗಾತ್ರ. ಬೆಳಿಗ್ಗೆ ಹತ್ತಕ್ಕೆ ಊರಿನ ಮಕ್ಕಳೆಲ್ಲ ಒಟ್ಟಿಗೆ ನಲ್ಲಿ ತಿರುಗಿಸಿದರೆ ಯಾರ ಬಿಂದಿಗೆಗೂ ಇಲ್ಲ. ಅದಕ್ಕೇ ಮಕ್ಕಳು ಛತ್ರಿ ಹಿಡ್ಕೊಂಡು ಗುಡ್ಡ ಹತ್ತಿದರೂ ಎಷ್ಟೋ ಸಲ ಕಡ್ಡಿ ಸಿಗ್ತಿತ್ತು, ಪಾಠ ಸಿಗ್ತಿರಲಿಲ್ಲ.”

“ಜೂಮು?” ಅಂದ ಸೀನ.

“ಜೂಮಿನ ಮಾತು ನನ್ನ ಹತ್ತಿರ ಕೇಳು,” ಭಟ್ಟರು ಪತ್ರೊಡೆ ನುಂಗಿ ಮುಗಿಸಿದ್ದರು. “ಗೃಹಪ್ರವೇಶ ಮಾಡಿಸಿದೀನಿ ಜೂಮಲ್ಲಿ. ನಾನಿಲ್ಲಿ, ಯಜಮಾನರು ಅಮೆರಿಕದಲ್ಲಿ, ನೆಂಟರು ಹದಿನೆಂಟು ಕಡೆ. ಸಂಕಲ್ಪ ಆಯ್ತು, ಗಣಪತಿ ಪೂಜೆ ಆಯ್ತು, ಒಲೆ ಮೇಲೆ ಹಾಲಿಟ್ರು. ಹಾಲು ಉಕ್ಕೋ ಹೊತ್ತಿಗೆ ಸರಿಯಾಗಿ 40 ನಿಮಿಷ ಮುಗಿದು ಎಲ್ಲ ಮಾಯ. ಉಕ್ಕಿತೋ, ಇಂಗಿತೋ, ಈ ಹೊತ್ತಿನವರೆಗೂ ನನಗೆ ಗೊತ್ತಿಲ್ಲ.”

“ದಕ್ಷಿಣೆ?”

“ಅದು ಮೊದಲೇ ಬಂದಿತ್ತು. ನಾನೇನು ಮೇಷ್ಟ್ರಾ?”

“ಭಟ್ಟರ ಯಜಮಾನರಿಗೆ ಲ್ಯಾಪ್‌ಟಾಪ್ ಇತ್ತು,” ಮೇಷ್ಟ್ರು ಮುಂದುವರಿಸಿದರು. “ನನ್ನ ಹತ್ತನೇ ಕ್ಲಾಸಿನ 42 ಮಕ್ಕಳಲ್ಲಿ ಸ್ವಂತ ಫೋನು ಯಾರಿಗೂ ಇಲ್ಲ, ಎಲ್ಲ ಅಪ್ಪನ ಫೋನು. ಅಪ್ಪ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ತರಗತಿಯೂ ಅವನ ಜೇಬಿನಲ್ಲಿ ಹೋಗ್ತಿತ್ತು. ಕೆಲವರದು ಬಟನ್ನಿನ ಜಿಯೋ ಫೋನು. ಅದರಲ್ಲಿ ಆಗ ವಾಟ್ಸಾಪ್ ಬರ್ತಿತ್ತು, ಜೂಮು ಬರ್ತಿರಲಿಲ್ಲ. ದಿನಕ್ಕೆ ಒಂದೂವರೆ ಜಿಬಿ ಡೇಟಾ. ಒಂದು ಗಂಟೆ ವಿಡಿಯೋ ಕ್ಲಾಸು ಅರ್ಧ ಜಿಬಿಗೂ ಮೇಲೆ ತಿನ್ನುತ್ತೆ. ಅಕ್ಕ ಪಿಯುಸಿ, ತಮ್ಮ ಹತ್ತನೇ ಕ್ಲಾಸು ಅಂದ್ರೆ ಮಧ್ಯಾಹ್ನಕ್ಕೆ ಊಟವೂ ಖಾಲಿ, ಡೇಟಾನೂ ಖಾಲಿ. ಒಂದು ದಿನ ಗೂಗಲ್ ಮೀಟಿನಲ್ಲಿ ಹಾಜರಿ ಕರೆದೆ ನೋಡು. ರೆಡ್‌ಮಿ ನೋಟ್ 5, ಹಾಜರ್. ಒಪ್ಪೊ, ಹಾಜರ್. ಜೆಸಿಬಿ ಮಂಜು, ಹಾಜರ್. ತರಗತಿಯೋ ಮೊಬೈಲ್ ಅಂಗಡಿಯೋ ತಿಳೀಲಿಲ್ಲ. ಜೆಸಿಬಿ ಮಂಜು ಅರ್ಧ ಗಂಟೆ ನಿಷ್ಠೆಯಿಂದ ಕೂತಿದ್ದ. ಆಮೇಲೆ ಗೊತ್ತಾಯ್ತು, ಅದು ಅಪ್ಪನೇ. ಮಗ ಮನೇಲಿ, ಅಪ್ಪ ಸೈಟಿನಲ್ಲಿ. ಬಟನ್ ಒತ್ತಿ ಸುಮ್ಮನೆ ಕೇಳ್ತಾ ಕೂತಿದ್ನಂತೆ. ನನಗೆ ಇಪ್ಪತ್ತು ವರ್ಷದ ಹಿಂದೆ ಅರ್ಥ ಆಗದ್ದು ಇವತ್ತು ಅರ್ಥ ಆಯ್ತು ಸಾರ್, ಅಂದ.”

“ನೋಡಿದ್ರಾ! ಅದೇ ಆನ್‌ಲೈನಿನ ಶಕ್ತಿ,” ಸೀನ ಎದ್ದು ನಿಂತ.

“ಕೂತ್ಕೋ. ನಿನಗೂ ಎಸ್ಸೆಸ್ಸೆಲ್ಸೀಲಿ ಅರ್ಥ ಆಗಿರಲಿಲ್ಲ. ನಾನೇ ಪಾಠ ಮಾಡಿದ್ದು.”

ಮೇಷ್ಟ್ರ ಶಿಷ್ಯನಾಗಿದ್ದವನಿಗೆ ಇದೊಂದು ತೊಂದರೆ. ಸೀನ ಕುಳಿತ.

“ಕೊನೆಗೆ ನಿಂತಿದ್ದು ಯಾವುದಪ್ಪಾ ಅಂದ್ರೆ ವಾಯ್ಸ್ ನೋಟು. ಐದು ನಿಮಿಷ ಮಾತಾಡಿದರೂ ಒಂದು ಎಂಬಿ ಆಗಲ್ಲ, ಬಟನ್ ಫೋನಿಗೂ ಹೋಗ್ತಿತ್ತು. ಜೊತೆಗೆ ಒಂದು ಕಾಗದದ ಫೋಟೋ. ಗೆರೆ ಇಲ್ಲದ ಹಾಳೆ, ಸ್ಕೆಚ್ ಪೆನ್ನು, ಏಳು ಸಾಲಿಗಿಂತ ಜಾಸ್ತಿ ಬರೀಬಾರದು, ಇಲ್ಲದಿದ್ರೆ ಸಣ್ಣ ಪರದೇಲಿ ಇರುವೆ ಸಾಲಾಗುತ್ತೆ. ವಾಯ್ಸ್ ನೋಟು ಬೆಳಿಗ್ಗೆ ಆರೂವರೆಗೆ ಮುಗಿಸಬೇಕು, ಏಳಕ್ಕೆ ಕುಕ್ಕರ್ ಕೂಗುತ್ತೆ. ಮಳೆ ಹಂಚಿನ ಮೇಲೆ ಬಿದ್ದರೆ ಹೇಗೋ ಆದೀತು, ಬಚ್ಚಲ ತಗಡಿನ ಮೇಲೆ ಬಿತ್ತೋ, ಪೈಥಾಗೊರಸ್ಸು ಚಂಡೆ ಹಿಮ್ಮೇಳದಲ್ಲಿ ಬಂದ ಹಾಗೆ. ಅದಕ್ಕೆ ಕಂಬಳಿ ಹೊದ್ದು, ಒಳಗೆ ಫೋನು ಹಿಡ್ಕೊಂಡು ಪಾಠ ಮಾಡ್ತಿದ್ದೆ. ಸದ್ದು ಒಳಗೆ ಬರಲ್ಲ, ಧ್ವನಿ ಗುಂಯ್ ಅನ್ನಲ್ಲ.”

“ಒಂದು ಕಂಬಳಿಯೊಳಗೆ ಮೇಷ್ಟ್ರು, ಇನ್ನೊಂದು ಕಂಬಳಿಯೊಳಗೆ ವಿದ್ಯಾರ್ಥಿ,” ಅಂದರು ಪದ್ಮಕ್ಕ.

“ಹೌದು. ಮಧ್ಯೆ ಒಂದು ಹೆಬ್ಬೆಟ್ಟು.”

“ಹಾಗಾದ್ರೆ ವಾಯ್ಸ್ ನೋಟಲ್ಲಿ ಪಾಠ ಆಗುತ್ತೆ ಅಂತ ಒಪ್ಪಿದ್ರಿ,” ಸೀನ ಹಿಡಿದ.

“ಬ್ರಾಕೆಟ್ಟು ಬರೋ ತನಕ ಆಗುತ್ತೆ. ಆಗ ಹತ್ತನೇ ಕ್ಲಾಸಿನ ಗಣಿತದಲ್ಲಿ ಮೊದಲ ಅಧ್ಯಾಯವೇ ಸಮಾಂತರ ಶ್ರೇಢಿ. 3, 7, 11, 15 ಹೀಗೆ ಹೋದರೆ ಹತ್ತನೇ ಪದ ಎಷ್ಟು? ಸೂತ್ರ ಹೇಳಿದೆ, ‘ಎ ಪ್ಲಸ್ ಎನ್ ಮೈನಸ್ ಒನ್ ಇಂಟು ಡಿ’. ಎನ್ ಮೈನಸ್ ಒನ್ ಬ್ರಾಕೆಟ್ಟಿನ ಒಳಗಿರಬೇಕು. 3 ಪ್ಲಸ್ 9 ಇಂಟು 4, ಅಂದ್ರೆ 39. ಶಾಲೇಲಿ ಬೋರ್ಡ್ ಮೇಲೆ ಬ್ರಾಕೆಟ್ ಎಳೀತೀವಿ, ಕಣ್ಣಿಗೆ ಕಾಣುತ್ತೆ. ಬಾಯಲ್ಲಿ? ಬ್ರಾಕೆಟ್ಟಿಗೆ ಸದ್ದೇ ಇಲ್ಲ ಮಾರಾಯ! ಆವತ್ತಿನ ಫೋಟೋ ಎಲ್ಲೋ ನೆಟ್‌ವರ್ಕಲ್ಲಿ ಸಿಕ್ಕಿಕೊಂಡಿತ್ತು. ಅರ್ಧ ಕ್ಲಾಸು 3 ಪ್ಲಸ್ 10, ಮೈನಸ್ 1 ಇಂಟು 4 ಅಂತ ಮಾಡಿ ಉತ್ತರ 9 ಅಂತು. ಎಂಟು ಜನ ಎಲ್ಲ ಕೂಡಿ ಕಳೆದು ಕೊನೆಗೆ ನಾಲ್ಕರಿಂದ ಗುಣಿಸಿ 48 ಅಂದ್ರು. ಮೂರನೇ ಪದವೇ 11 ಇರೋವಾಗ ಹತ್ತನೇ ಪದ 9 ಹೇಗಾಗುತ್ತೋ ಅಂತ ಒಂದು ಮುಖ ಎದುರಿಗಿದ್ದಿದ್ರೆ ಕೇಳ್ತಿದ್ದೆ.”

“ಆಮೇಲೆ?”

“ಕಂಸ ಅಂತ ಕರೆದೆ. ಕನ್ನಡದಲ್ಲಿ ಬ್ರಾಕೆಟ್ಟಿಗೆ ಕಂಸ ಅಂತಾರಲ್ಲ. ಬ್ರಾಕೆಟ್ ಶುರುವಾದರೆ ‘ಕಂಸ ಬಂದ’, ಮುಗಿದರೆ ‘ಕಂಸ ಸತ್ತ’. ಎ ಪ್ಲಸ್, ಕಂಸ ಬಂದ, ಎನ್ ಮೈನಸ್ ಒನ್, ಕಂಸ ಸತ್ತ, ಇಂಟು ಡಿ. ಮಾರನೇ ದಿನ 39 ಬಂತು.”

ಭಟ್ಟರಿಗೆ ತಡೆಯಲಾಗಲಿಲ್ಲ. “ದ್ವಾಪರದಲ್ಲಿ ಕೃಷ್ಣ ಒಂದು ಸಲ ಕೊಂದ. ನೀವು ದಿನಕ್ಕೆ ಎಷ್ಟು ಸಲ ಕೊಂದಿರಿ ಮೇಷ್ಟ್ರೇ!”

“ವರ್ಗ ಸಮೀಕರಣ ಬಂದ ದಿನ ಮಥುರೆಯೇ ಖಾಲಿ.”

ಸೀನ ನಕ್ಕರೂ ಸೋಲಲಿಲ್ಲ. “ಅಲ್ಲ ಮೇಷ್ಟ್ರೇ, ಉತ್ತರ ಕಳಿಸ್ತಿದ್ರಲ್ಲ, ನೋಡ್ತಿದ್ರಲ್ಲ, ಅದು ಪಾಠ ಅಲ್ಲನಾ?”

“ಅದರ ಲೆಕ್ಕ ಬೇರೆ ಇದೆ. 42 ಮಕ್ಕಳು, ತಲೆಗೆ ನಾಲ್ಕು ಪುಟ, 168 ಫೋಟೋ. ಬರೋದು ರಾತ್ರಿ ಎಂಟರ ಮೇಲೆ, ಅಪ್ಪನ ಜೇಬಿನಿಂದ ಫೋನು ಇಳಿದ ಮೇಲೆ. ಅರ್ಧ ಫೋಟೋ ಅಡ್ಡ ಮಲಗಿರ್ತಿತ್ತು. ಫ್ಲ್ಯಾಶ್ ಹಾಕಿದವರ ಪುಟದ ಮಧ್ಯ ಹುಣ್ಣಿಮೆ ಚಂದ್ರ, ಉತ್ತರ ಯಾವಾಗಲೂ ಆ ಚಂದ್ರನ ಅಡೀಲೇ. ಒಬ್ಬರಿಗೆ ಆರು ನಿಮಿಷ ಅಂದ್ರೂ ನಾಲ್ಕು ಗಂಟೆ ಹನ್ನೆರಡು ನಿಮಿಷ. ಇದು ಒಂದು ತರಗತಿ. ಎಂಟು, ಒಂಬತ್ತು ಬೇರೆ. ಫೋನಿನ ಹೊಟ್ಟೆ 16 ಜಿಬಿ. ವಾರಕ್ಕೊಂದು ಸಲ ತುಂಬಿ ನಿಂತುಬಿಡೋದು. ಅಳಿಸೋಕೆ ಹೋಗಿ ಮಗಳ ಮದುವೆ ಫೋಟೋ ಅಳಿಸಿದೆ, ಹತ್ತನೇ ‘ಎ’ಯ ವೃತ್ತಗಳು ಉಳಿದವು.”

“ನಕಲು ಮಾಡ್ತಿರಲಿಲ್ವಾ?” ಶಾಮಣ್ಣ ಕಣ್ಣು ಮಿಟುಕಿಸಿದರು.

“ಅದಕ್ಕೇ ಬರ್ತಿದೀನಿ. ಒಬ್ಬನ ಫೋಟೋ ಇನ್ನೊಬ್ಬ ಕಳಿಸಿದರೆ ಮೇಲೆ ‘ಫಾರ್ವರ್ಡೆಡ್’ ಅಂತ ಚಾಡಿ ಹೇಳುತ್ತೆ. ಮಕ್ಕಳಿಗೆ ಒಂದು ವಾರದಲ್ಲಿ ಅದು ಗೊತ್ತಾಗಿ ಸ್ಕ್ರೀನ್‌ಶಾಟ್ ತೆಗೆದು ಅಂಚು ಕತ್ತರಿಸಿ ಕಳಿಸಿದ್ರು. ಒಂದು ದಿನ ನೋಡ್ತೀನಿ, ಹನ್ನೊಂದು ಜನರ ಲೆಕ್ಕದ ಪುಟ ಒತ್ತಿ ಹಿಡಿದಿರೋ ಬೆರಳು ಒಂದೇ. ಅಡಿಕೆ ಸುಲಿದು ಚೊಗರು ಹತ್ತಿ ಕಪ್ಪಾದ ಉಗುರು, ಬಲ ಅಂಚಿನಲ್ಲಿ ಒಂದು ಗಾಯ. ಹನ್ನೊಂದು ಹೆಸರು, ಒಂದು ಹೆಬ್ಬೆಟ್ಟು!”

“ಹಿಡಿದ್ರಾ?”

“ಹಿಡಿದೆ. ಸರಿಯಾಗಿ ಲೆಕ್ಕ ಮಾಡಿದವನು ಅವನೊಬ್ಬನೇ. ಬೈಯೋದು ಯಾರಿಗೆ?”

ಭಟ್ಟರು ಮತ್ತೆ ಕೆಮ್ಮಿದರು. ಈ ಸಲ ಪತ್ರೊಡೆ ಮುಗಿದಿತ್ತು. “ನೀವು ಏನೇ ಹೇಳಿ, ದೂರದಿಂದ ಕಲಿಯೋದು ನಮ್ಮಲ್ಲಿ ಹೊಸದಲ್ಲ. ಏಕಲವ್ಯ ಇಲ್ವಾ? ದ್ರೋಣರು ಹಸ್ತಿನಾವತಿಯಲ್ಲಿ, ಅವನು ಕಾಡಿನಲ್ಲಿ. ಮಣ್ಣಿನ ಮೂರ್ತಿ ಮುಂದೆ ಇಟ್ಕೊಂಡು ಕಲಿತ.”

“ಮೂರ್ತಿ ಅಲ್ಲ ಭಟ್ರೇ,” ಮೇಷ್ಟ್ರ ಮುಖ ಅರಳಿತು. “ವಿಡಿಯೋ ಫ್ರೀಜ್ ಆಗಿತ್ತು. ಗುರು ಮ್ಯೂಟಲ್ಲಿ ಇದ್ದ, ಅಲ್ಲಾಡ್ತಾ ಇರಲಿಲ್ಲ. ಕೊನೆಗೆ ಫೀಸು ಅಂತ ಕೇಳಿದ್ದೇನು?”

ಜಗುಲಿಯಲ್ಲಿದ್ದ ನಾಲ್ವರೂ ಒಟ್ಟಿಗೆ ತಮ್ಮ ತಮ್ಮ ಹೆಬ್ಬೆಟ್ಟು ನೋಡಿಕೊಂಡರು.

ಒಳಗೆ ಪುಟ್ಟ ಮಗ್ಗುಲಾದ ಸದ್ದು ಬಂತು. ಕರೆಂಟು ಹೋಗಿ ಆಗಲೇ ಅರ್ಧ ಗಂಟೆ ಆಗಿದ್ದನ್ನು ಯಾರೂ ಗಮನಿಸಿರಲಿಲ್ಲ, ಫ್ರಿಜ್ಜು ಸುಮ್ಮನಾಗಿದ್ದರಿಂದ ಪದ್ಮಕ್ಕನೊಬ್ಬರಿಗೆ ಗೊತ್ತಾಗಿತ್ತು.

“ಫೋನು ಬೇಡ ಅಂತ ಟೀವೀಲಿ ಕೊಟ್ರಲ್ಲ ಮೇಷ್ಟ್ರೇ?” ಶಾಮಣ್ಣ ನೆನಪು ಮಾಡಿಕೊಂಡರು. “ಚಂದನದಲ್ಲಿ ಬರ್ತಿತ್ತು. ದೊಡ್ಡವಳು ನೋಡ್ತಿದ್ಲು.”

“ಸಂವೇದ. ಎಂಟು, ಒಂಬತ್ತು, ಹತ್ತನೇ ಕ್ಲಾಸಿಗೆ. ಪಾಠ ಚೆನ್ನಾಗೇ ಮಾಡ್ತಿದ್ರು, ಸುಳ್ಳು ಹೇಳಬಾರದು. ಶುರು ಮಾಡಿದ್ದು 2020ರ ಜುಲೈ 20ಕ್ಕೆ.”

“ಆವತ್ತು ಭೀಮನ ಅಮಾವಾಸ್ಯೆ,” ಭಟ್ಟರು ಪಂಚಾಂಗವಿಲ್ಲದೆ ಹೇಳಿದರು. “ಸೋಮವಾರ.”

“ಅಮಾವಾಸ್ಯೆ ಬಿಡಿ, ಮಲೆನಾಡಿಗೆ ಜುಲೈ 20ಕ್ಕಿಂತ ಕೆಟ್ಟ ಮುಹೂರ್ತ ಇಲ್ಲ. ಮಳೆ ಜೋರಾದರೆ ಮೊದಲು ಡಿಶ್ಶಿನ ಸಿಗ್ನಲ್ ಹೋಗುತ್ತೆ, ಆಮೇಲೆ ಕರೆಂಟು. ಟೀವಿ ಮೇಷ್ಟ್ರು ‘ಅರ್ಥವಾಯಿತೇ ಮಕ್ಕಳೇ’ ಅಂತ ಕೇಳಿ ಎರಡು ಸೆಕೆಂಡು ಕಾಯ್ತಿದ್ರು, ಪಾಪ. ಅವರಿಗೆ ಹೆಬ್ಬೆಟ್ಟೂ ಸಿಗ್ತಿರಲಿಲ್ಲ.”

ಸೀನ ಫೋನಿನಲ್ಲಿ ಏನೋ ಹುಡುಕಲು ನೋಡಿದ. ಚಕ್ರ ತಿರುಗುತ್ತಿತ್ತು. “ಹಾಗಾದ್ರೆ ನಿಮ್ಮ ಪ್ರಕಾರ ಏನು ಮಾಡಬೇಕಿತ್ತು? ಸುಮ್ಮನೆ ಕೂತಿರಬೇಕಿತ್ತಾ?”

“ಸುಮ್ಮನೆ ಎಲ್ಲಿ ಕೂತಿದ್ವಿ? ಮಾರ್ಚ್ 27ಕ್ಕೆ ಆಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಶುರು ಮಾಡಿದ್ವಿ, ಒಂದೊಂದು ಹಣೆಗೆ ಜ್ವರದ ಮೆಷಿನ್ ಹಿಡಿದು. ಚೆಕ್‌ಪೋಸ್ಟಿನಲ್ಲಿ ನಿಂತ್ವಿ, ಮನೆ ಮನೆ ಸರ್ವೆ ಮಾಡಿದ್ವಿ, ಬಿಸಿಯೂಟದ ಅಕ್ಕಿ ಬೇಳೆ ತೂಗಿ ಕೊಟ್ವಿ. ಮಧ್ಯೆ ವೆಬಿನಾರು ಬೇರೆ. ಇಪ್ಪತ್ತು ಪ್ರಶ್ನೆಯ ಕ್ವಿಜ್ಜು, ಅರವತ್ತು ಪರ್ಸೆಂಟ್ ಬಂದರೆ ಬಣ್ಣಬಣ್ಣದ ಇ-ಸರ್ಟಿಫಿಕೇಟು. ನನ್ನ ಹತ್ತಿರ ಮೂವತ್ತೊಂಬತ್ತು ಇವೆ. ಒಂದರಲ್ಲಿ ನನ್ನ ಹೆಸರಿನ ಜಾಗದಲ್ಲಿ ‘ಓಕೆ’ ಅಂತ ಇದೆ, ಅವಸರದಲ್ಲಿ ಟೈಪ್ ಮಾಡಿದ್ದು. ಶ್ರೀ ಓಕೆ ಅವರು ಯಶಸ್ವಿಯಾಗಿ ಪೂರೈಸಿದ್ದಾರೆ.”

“ಅದನ್ನ ಕಟ್ಟು ಹಾಕಿಸಿದೀರಾ?” ಪದ್ಮಕ್ಕ ಕೇಳಿದರು.

“ಪಾಠ ಅಂತ ಆಗಿದ್ದು ವಿದ್ಯಾಗಮದಲ್ಲಿ,” ಮೇಷ್ಟ್ರು ಸ್ವಲ್ಪ ಮೆತ್ತಗಾದರು. “ಆಗಸ್ಟಿನಲ್ಲಿ. ಮಕ್ಕಳನ್ನ ಮೂರು ಪಾಲು ಮಾಡಿದ್ರು. ಏನೂ ಇಲ್ಲದವರು, ಬರೀ ಮಾತಾಡೋ ಫೋನಿದ್ದವರು, ಇಂಟರ್ನೆಟ್ ಇದ್ದವರು. ನಾವೇ ಊರೂರಿಗೆ ಹೋಗೋದು. ದೇವಸ್ಥಾನದ ಹೆಬ್ಬಾಗಿಲು, ಭಜನೆ ಮಂದಿರದ ಜಗುಲಿ, ಹದಿನೈದು ಹುಡುಗರು ದೂರ ದೂರ ಕೂತಿರ್ತಿದ್ರು. ಬೋರ್ಡ್ ಇಲ್ಲ, ಬಾಗಿಲ ಹಲಗೆ ಮೇಲೇ ಸೀಮೆಸುಣ್ಣ. ಮೊದಲ ದಿನ ಥೇಲ್ಸಿನ ಪ್ರಮೇಯ ಎರಡೇ ಸಾಲು ಬರೆದು ತಿರುಗಿದೆ. ಮೂರು ಹುಬ್ಬು ಗಂಟಾಗಿತ್ತು. ಮಾಸ್ಕ್ ಹಾಕಿದ್ರೂ ಹುಬ್ಬು ಕಾಣುತ್ತಲ್ಲ! ಅಲ್ಲಿಗೇ ನಿಲ್ಲಿಸಿ ಮತ್ತೆ ಹೇಳಿದೆ. ಐದು ತಿಂಗಳಾಗಿತ್ತು ಮಾರಾಯ, ಗಂಟು ಹಾಕಿದ ಹುಬ್ಬು ನೋಡದೆ. ಹೆಬ್ಬೆಟ್ಟಿಗೆ ಹುಬ್ಬಿಲ್ಲ.”

“ಅದೂ ನಿಂತುಹೋಯ್ತಲ್ಲ?”

“ಅಕ್ಟೋಬರಿನಲ್ಲಿ ಮಕ್ಕಳಿಗೆ, ಮೇಷ್ಟ್ರುಗಳಿಗೆ ಸೋಂಕು ಅಂತ ಸುದ್ದಿ ಬಂತು, ನಿಲ್ಲಿಸಿದ್ರು. ನಿಲ್ಲಿಸಬೇಕಾದ್ದೇ. ಮತ್ತೆ ಹತ್ತನೇ ಕ್ಲಾಸು ಬಾಗಿಲು ತೆಗೆದಿದ್ದು 2021ರ ಜನವರಿ 1ಕ್ಕೆ. ಬಂದ ಮಕ್ಕಳು ಒಂದು ಪುಟ ಬರೆದು ಕೈ ಕೊಡವ್ತಾರೆ. ಬರೆಯೋ ರೂಢಿಯೇ ತಪ್ಪಿ ಹೋಗಿತ್ತು. ಅಷ್ಟರಲ್ಲಿ ಎರಡನೇ ಅಲೆ. ಆ ವರ್ಷದ ಎಸ್ಸೆಸ್ಸೆಲ್ಸಿ ನೆನಪಿದೆಯಲ್ಲ? ಜುಲೈ 19, ಜುಲೈ 22. ಆರು ವಿಷಯ, ಎರಡು ದಿನ. ವಿಷಯಕ್ಕೆ 40 ಪ್ರಶ್ನೆ, ದಿನಕ್ಕೆ 120. ಬರೆಯೋ ಹಾಗೇ ಇಲ್ಲ, ಓಎಂಆರ್ ಹಾಳೇಲಿ ಗುಂಡಗೆ ಮಸಿ ತುಂಬಿದ್ರಾಯ್ತು. ಬೆರಳಿಗೆ ಮಸಿ ಹಚ್ಚಿ ಒತ್ತೋದಕ್ಕೂ ಪೆನ್ನಲ್ಲಿ ಗುಂಡಗೆ ಮಸಿ ಬಳಿಯೋದಕ್ಕೂ ಎಷ್ಟು ದೂರ? ಒಂದು ಬೆರಳು ದೂರ.”

“ಎಲ್ಲ ಪಾಸಾದ್ರಲ್ಲ, ಸಂತೋಷ,” ಭಟ್ಟರು ಎಲೆಯಡಿಕೆ ತಟ್ಟೆ ಎಳೆದುಕೊಂಡರು.

“41 ಮಕ್ಕಳು ಪಾಸಾದ್ರು.”

“42 ಅಂದ್ರಲ್ಲ?”

ಮೇಷ್ಟ್ರು ಕಾಫಿ ಲೋಟದ ತಳ ನೋಡಿದರು. “ಗ್ರೂಪಿನಲ್ಲಿ ಮೆಸೇಜ್ ಹಾಕಿದ್ರೆ ಒಂದು ಗೀಟು ಬರುತ್ತಲ್ಲ? ಎರಡನೇ ಗೀಟು ಯಾವಾಗ ಬರುತ್ತೆ ಹೇಳು ಸೀನ.”

“ತಲುಪಿದಾಗ.”

“ಒಬ್ಬರಿಗೆ ಕಳಿಸಿದ್ರೆ ಹಾಗೆ. ಗ್ರೂಪಿನಲ್ಲಿ ಎಲ್ಲರ ಫೋನಿಗೂ ತಲುಪಿದಾಗ ಮಾತ್ರ. ಒಬ್ಬರಿಗೆ ತಲುಪದಿದ್ರೂ ಎರಡನೇದು ಬರಲ್ಲ. ಜೂನಿನಲ್ಲಿ ರಿಜಿಸ್ಟರ್ ನೋಡಿ ಎಲ್ಲ ನಂಬರೂ ಸೇರಿಸಿ ಗ್ರೂಪು ಮಾಡಿದೆ. ಮೊದಲ ದಿನ ‘ಶುಭೋದಯ ಮಕ್ಕಳೇ’ ಅಂತ ಹಾಕಿದೆ, ಒಂದು ಗೀಟು. ಹೆಬ್ಬೆಟ್ಟು ಮೇಲೆ ಹೆಬ್ಬೆಟ್ಟು ಬರ್ತಿವೆ, ಗೀಟು ಮಾತ್ರ ಒಂದೇ. ಒತ್ತಿ ಹಿಡಿದು ನೋಡಿದೆ, ಯಾರಿಗೆ ತಲುಪಿಲ್ಲ ಅಂತ. ಒಂದೇ ನಂಬರು. ಕೊನೇ ಬೆಂಚಿನ ಹುಡುಗಿ. ಬಯಲುಸೀಮೆ ಕಡೆಯೋರು, ತೋಟದ ಕೆಲಸಕ್ಕೆ ಬಂದು ಲೈನು ಮನೇಲಿದ್ರು. ಕಂಸ ಬಂದ, ಕಂಸ ಸತ್ತ, ಎಲ್ಲ ಒಂದೇ ಗೀಟು. ತಲುಪದ ಮೆಸೇಜನ್ನ ವಾಟ್ಸಾಪು 30 ದಿನ ಇಟ್ಕೊಂಡು ಆಮೇಲೆ ಬಿಸಾಡುತ್ತಂತೆ. ಅಂದ್ರೆ ಆಮೇಲೆ ಯಾವಾಗಲೋ ಆ ಫೋನಿಗೆ ಜೀವ ಬಂದಿದ್ರೂ ಸಮಾಂತರ ಶ್ರೇಢಿ ಅವಳಿಗೆ ಸಿಗ್ತಿರಲಿಲ್ಲ. ವಿದ್ಯಾಗಮಕ್ಕೆ ಹೋದಾಗ ಲೈನಿಗೂ ಹೋಗಿ ಬಂದೆ. ಬೀಗ. ಲಾಕ್‌ಡೌನಿನಲ್ಲೇ ಗಂಟು ಕಟ್ಕೊಂಡು ಹೋದ್ರು ಅಂದ್ರು.”

“ಆಮೇಲೆ ಟಿಸಿ ಕೇಳ್ಕೊಂಡು ಯಾರಾದ್ರೂ?” ಪದ್ಮಕ್ಕನ ದನಿ ಇಳಿದಿತ್ತು.

“ಬರಲಿಲ್ಲ. ಟಿಸಿ ಶಾಲೇಲೇ ಇದೆ.”

ಸ್ವಲ್ಪ ಹೊತ್ತು ಮಳೆಯೊಂದೇ ಮಾತಾಡಿತು. ಸೀನ ಪುಟ್ಟನ ಫೋನನ್ನು ಚಾಪೆಯ ಮೇಲೆ ಬೋರಲಿಟ್ಟ.

“ಒಂಬತ್ತೂಮುಕ್ಕಾಲು. ಪುಟ್ಟನ ಕ್ಲಾಸಿಗೆ ಇನ್ನು ಹದಿನೈದು ನಿಮಿಷ,” ಎಂದರು ಶಾಮಣ್ಣ, ಏನಾದರೂ ಹೇಳಬೇಕಲ್ಲ ಎಂದು.

“ಟವರ್ ಹೋಯ್ತು,” ಅಂದ ಸೀನ.

ಅದೇ ಹೊತ್ತಿಗೆ ಕಿಟಕಿ ಸರಳಿನ ಹತ್ತಿರ ಮೇಷ್ಟ್ರ ಫೋನು ಟಣ್ ಎಂದಿತು. ಅವರದು ಬೇರೆ ಕಂಪನಿಯ ಸಿಮ್ಮು, ಅದಕ್ಕೆ ಈಗ ಮನಸ್ಸು ಬಂದಿತ್ತು. ಮೇಷ್ಟ್ರು ಎದ್ದು ಹೋಗಿ ಕನ್ನಡಕ ಹಣೆಗೇರಿಸಿ ನೋಡಿದರು.

“ಏನಂತೆ?”

“ಬೆಳಿಗ್ಗೆ ಆರೂ ನಲವತ್ತಕ್ಕೆ ನಮ್ಮ ಗ್ರೂಪಿಗೆ ಹಾಕಿದ್ದೆ, ಇವತ್ತು ರಜೆ, ಯಾರೂ ಹಳ್ಳ ದಾಟಬೇಡಿ ಅಂತ. ಮೂವತ್ತಾರು ಹೆಬ್ಬೆಟ್ಟು ಬಂದಿದೆ.”

“ಮತ್ತೇನು!”

ಮೇಷ್ಟ್ರು ಮೆಸೇಜನ್ನು ಒತ್ತಿ ಹಿಡಿದರು. ಆಮೇಲೆ ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಗಿಯ ಒಳಜೇಬಿಗಿಟ್ಟುಕೊಂಡು, ಮೂಲೆಯಲ್ಲಿ ನೀರು ಸುರಿಸುತ್ತ ನಿಂತಿದ್ದ ಛತ್ರಿ ಎತ್ತಿಕೊಂಡರು.

“ಈ ಮಳೇಲಿ ಎಲ್ಲಿಗೆ ಮಾರಾಯ್ರೆ?”

“ಶಾಲೆ ಹತ್ರ ಹೋಗಿ ಬರ್ತೀನಿ. ಒಂದೇ ಗೀಟಿದೆ. ಹಳ್ಳದ ಆಚೆ ಮನೆಯ ಹುಡುಗ. ಅವನು ನಾಲ್ಕು ಮೈಲಿ ನಡೀಬೇಕು, ಎಂಟಕ್ಕೇ ಹೊರಟಿರ್ತಾನೆ.”

ಪದ್ಮಕ್ಕ ಒಳಗೆ ಓಡಿ ಎರಡು ಪತ್ರೊಡೆ ಬಾಳೆಲೆಯಲ್ಲಿ ಕಟ್ಟಿ ತಂದರು.